ಹಂಸಾಬೆನ್ ಸೈಕಲ್ಲು, ನನ್ನ ಸುಳ್ಳು

ಎರಡು ವರ್ಷದ ಹಿಂದಿನ ಮಾತು. ಬ್ಯಾಂಕಿನಲ್ಲಿ ವರ್ಗವಾಗಿ ನಾನು, ನನ್ನ ಹೆಂಡತಿ ಸುಧಾ ಧಾರವಾಡದಿಂದ ಗುಜರಾತಿನ ವಡೋದರಾಕ್ಕೆ ಬಂದು ಏಳು ತಿಂಗಳಾಗಿತ್ತು. ಇಲ್ಲಿಯವರು ಉತ್ತರಾಯಣ ಎನ್ನುವ ನಮ್ಮ ಸಂಕ್ರಾಂತಿಗೆ ಹತ್ತು ಹನ್ನೆರಡು ದಿನ ಬಾಕಿ ಇತ್ತು.

ಮಂಜಲ್‌ಪುರ ಬಡಾವಣೆಯ ಹೌಸಿಂಗ್ ಸೊಸೈಟಿಯೊಂದರಲ್ಲಿ ನಮ್ಮದು ಮೊದಲ ಮಹಡಿ. ಕೆಳಗಿನ ಮನೆಯಲ್ಲಿ ಹಂಸಾಬೆನ್ ಎಂಬ ನಿವೃತ್ತ ಶಿಕ್ಷಕಿ ಒಬ್ಬರೇ ಇದ್ದರು. ನಾವು ಬಂದಿಳಿದಾಗ ಗ್ಯಾಸ್ ಸಿಗುವವರೆಗೆ ನಾಲ್ಕು ದಿನ ಊಟ ಕಳಿಸಿದವರು ಅವರೇ. ಅವರಿಗೆ ಮಂಡಿನೋವು. ಸೈಕಲ್ ತುಳಿಯಿರಿ, ಆದರೆ ಸೀಟು ಎರಡು ಇಂಚು ಎತ್ತರಿಸಿಕೊಳ್ಳಿ, ಮಂಡಿ ಹೆಚ್ಚು ಮಡಚಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಇಪ್ಪತ್ತಾರು ವರ್ಷ ಶಾಲೆಗೆ ಹೋಗಿ ಬಂದ ಅವರ ಹಸಿರು ಸೈಕಲ್ ಪಾರ್ಕಿಂಗಿನಲ್ಲೇ ನಿಂತಿತ್ತು.

"ಅಷ್ಟೇನಾ ಬೆನ್? ನಾನೇ ಮಾಡಿಕೊಡ್ತೀನಿ," ಎಂದೆ. ಬ್ಯಾಂಕು ಸೇರುವ ಮೊದಲು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನೆಂಬ ಹಮ್ಮು ನನಗೆ.

ಬೋಲ್ಟು ಸಡಿಲಿಸಿದೆ. ಸೀಟು ಕದಲಲಿಲ್ಲ. ಸೀಟಿನ ಕೆಳಗಿನ ಪೈಪು ತುಕ್ಕು ಹಿಡಿದು ಚೌಕಟ್ಟಿನ ಪೈಪಿಗೇ ಕಚ್ಚಿಕೊಂಡಿತ್ತು. ಒಂದು ಗಂಟೆ ಗುದ್ದಾಡಿ, ಕೊನೆಗೆ ರಸ್ತೆ ತಿರುವಿನಲ್ಲಿ ಸೈಕಲ್ ರಿಪೇರಿ ಮಾಡುವ ರಮಣಕಾಕಾ ಬಳಿ ತಳ್ಳಿಕೊಂಡು ಹೋದೆ. ಅವರಿಗೆ ಎಪ್ಪತ್ತು ದಾಟಿರಬೇಕು. ಕೂತು, ಬೆರಳಿನಿಂದ ತಟ್ಟಿ ನೋಡಿ, ಸಂದಿಗೆ ಎಣ್ಣೆ ಬಿಟ್ಟರು.

"ನಾಲ್ಕೈದು ದಿನ ಇಲ್ಲೇ ಇರಲಿ ಸಾಹೇಬ್. ದಿನಾ ಎಣ್ಣೆ ಕುಡಿಸಬೇಕು. ಪೈಪು ತಾನಾಗಿಯೇ ಬಿಡಬೇಕು," ಎಂದರು ಹಿಂದಿಯಲ್ಲಿ.

ಮೂರನೇ ದಿನ ಭಾನುವಾರ. ಮೆಟ್ಟಿಲ ಬಳಿ ಸಿಕ್ಕ ಹಂಸಾಬೆನ್ ನಗುತ್ತಾ, "ಆಯ್ತಾ ಭಾಯಿ?" ಎಂದರು. ಅಷ್ಟಕ್ಕೇ ನನಗೆ ಅವಮಾನವಾದಂತಾಯಿತು. ನೇರ ಹೋಗಿ ಸೈಕಲ್ ವಾಪಸ್ ಕೇಳಿದೆ. ಕಾಕಾ ಬೇಡವೆಂದರು. ನಾನು ಹಟ ಮಾಡಿದೆ. ಕೊಡುವಾಗ, "ಜೋರು ಮಾತ್ರ ಹಾಕಬೇಡಿ," ಎಂದರು.

ಸೊಸೈಟಿಯ ಪ್ಲಂಬರನಿಂದ ಪೈಪ್ ರೆಂಚು ತಂದೆ. ಅದರ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿ, ಪೂರ್ತಿ ಮೈಭಾರ ಹಾಕಿ ತಿರುಗಿಸಿದೆ. ಟಕ್ ಎಂದಿತು. ಬಿಟ್ಟಿತು ಎಂದು ಖುಷಿಯಿಂದ ಬಗ್ಗಿ ನೋಡಿದರೆ, ಸೀಟಿನ ಪೈಪು ಇದ್ದಲ್ಲೇ ಇತ್ತು. ಅದನ್ನು ಹಿಡಿದಿದ್ದ ಚೌಕಟ್ಟು ಎರಡು ಬೆರಳುದ್ದ ಸೀಳಿತ್ತು.

ಸದ್ದು ಕೇಳಿ ಹಂಸಾಬೆನ್ ಹೊರಗೆ ಬಂದರು. "ಏನಾಯ್ತು ಭಾಯಿ?"

ನಾನು ಏನೂ ಯೋಚಿಸಲಿಲ್ಲ. "ನೋಡಿ ಬೆನ್, ಆ ಮೆಕ್ಯಾನಿಕ್ ಏನು ಮಾಡಿಟ್ಟಿದ್ದಾನೆ," ಎಂದುಬಿಟ್ಟೆ.

ಅವರು ಸೀಳಿದ ಜಾಗವನ್ನು ಸವರಿದರು. ಆಮೇಲೆ ಚಪ್ಪಲಿ ಹಾಕಿಕೊಂಡು, "ಬನ್ನಿ, ಕೇಳೋಣ," ಎಂದು ಆ ಮಂಡಿಯಲ್ಲೇ ಹೊರಟರು. ಸೈಕಲ್ ತಳ್ಳಿಕೊಂಡು ಹಿಂದೆ ಹೋದೆ. ಆ ನೂರು ಹೆಜ್ಜೆಯಲ್ಲಿ ಎಲ್ಲಿ ಬೇಕಾದರೂ ನಿಜ ಹೇಳಬಹುದಿತ್ತು.

ಕಾಕಾ ಸೀಳು ನೋಡಿದರು. ಪೈಪಿನ ಮೇಲೆ ರೆಂಚಿನ ಹಲ್ಲು ಮೂಡಿಸಿದ್ದ ಹೊಸ ಗಾಯ ನೋಡಿದರು. ಆಮೇಲೆ ತುಕ್ಕು ಮೆತ್ತಿದ ನನ್ನ ಅಂಗೈ ನೋಡಿದರು. ನಾನು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ.

"ಹಾ ಬೆನ್, ಮಾರಿ ಭೂಲ್," ಎಂದರು. ನನ್ನದೇ ತಪ್ಪು ಎಂದು.

"ಇಷ್ಟು ವರ್ಷ ಕೆಲಸ ಮಾಡಿದವರು ನೀವು, ರಮಣಭಾಯಿ! ನಾಚಿಕೆ ಆಗೋದಿಲ್ವೆ?" ಎಂದು ಹಂಸಾಬೆನ್ ಬೀದಿಯಲ್ಲೇ ಗದರಿದರು. ಕಾಕಾ ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತಾ ಕೂತರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮನೆಗೆ ಬಂದರೆ ಸುಧಾ ಬಾಗಿಲಲ್ಲೇ ಇದ್ದಳು. "ನಾ ಬಾಲ್ಕನಿಯಿಂದ ಎಲ್ಲಾ ನೋಡೀನ್ರಿ. ಮುರದವ್ರು ನೀವು. ಆ ಹಿರ್ಯಾರ ಮ್ಯಾಲ ಯಾಕ ಹಾಕಿದ್ರಿ?"

"ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿ ಬಂದದ್ದು ಒಂದ್ ಮಾತು. ಅಲ್ಲಿ ಹೋಗಿ ಸುಮ್ಮನ ನಿಂತ್ರೆಲ್ಲಾ, ಅದು?"

ಎರಡು ದಿನದಲ್ಲಿ ಸುದ್ದಿ ಸೊಸೈಟಿಯೆಲ್ಲ ಹರಡಿತು. ಹಬ್ಬದ ರಜೆಗೆ ಮಕ್ಕಳ ಸೈಕಲ್ ಸರಿಮಾಡಿಸುವವರು ಕಾಕಾನನ್ನು ದಾಟಿಕೊಂಡು ದೊಡ್ಡ ರಸ್ತೆಯ ಅಂಗಡಿಗೆ ಹೋಗತೊಡಗಿದರು. ಬ್ಯಾಂಕಿಗೆ ಹೋಗುವಾಗ ದಿನಾ ಅವರು ಸುಮ್ಮನೆ ಕೂತಿರುವುದು ಕಾಣುತ್ತಿತ್ತು. ನಾನು ಸ್ಕೂಟರ್ ಜೋರು ಮಾಡುತ್ತಿದ್ದೆ.

ನಾಲ್ಕನೇ ದಿನ ಹಾಗೆ ದಾಟಿಹೋಗಲು ಆಗಲಿಲ್ಲ. ಸ್ಕೂಟರ್ ನಿಲ್ಲಿಸಿ ಅವರೆದುರು ಹೋಗಿ, "ಕಾಕಾ, ಯಾಕೆ ಒಪ್ಪಿಕೊಂಡಿರಿ?" ಎಂದೆ.

"ಪೈಪು ಪೂರ್ತಿ ಬಿಡದ ಸೈಕಲ್ಲನ್ನು ಮೂರನೇ ದಿನಕ್ಕೇ ನಿಮ್ಮ ಕೈಗೆ ಕೊಟ್ಟೆನಲ್ಲ, ಅದು ನನ್ನ ತಪ್ಪು. ಅದನ್ನು ಒಪ್ಪಿಕೊಂಡೆ," ಎಂದರು. ಮತ್ತೆ, "ನಿಮ್ಮದನ್ನು ನೀವು ಹೇಳ್ತೀರಿ ಅಂದುಕೊಂಡಿದ್ದೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದು ಬ್ಯಾಂಕಿಗೆ ತಡವಾಗಿ ಬರುವೆನೆಂದು ಫೋನ್ ಮಾಡಿ ಮನೆಗೆ ತಿರುಗಿದೆ. ಹಂಸಾಬೆನ್ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

"ಸೈಕಲ್ ಹೋಗಲಿ ಭಾಯಿ," ಎಂದರು. "ನನ್ನ ಬಾಯಿಂದ ಆ ಮನುಷ್ಯನಿಗೆ ಎಂಥ ಮಾತು ಆಡಿಸಿಬಿಟ್ಟಿರಿ!"

ಆಗಲೇ ಎದ್ದು ಕಾಕಾ ಬಳಿ ಹೋಗಿ, ರಸ್ತೆಯಲ್ಲೇ ಕೈ ಮುಗಿದರು. ಕಾಕಾ ಗಾಬರಿಯಾಗಿ ಎದ್ದು ನಿಂತರು. ನಾನು ಮಾಡಿದ ತಪ್ಪಿಗೆ ಅರವತ್ತೆಂಟರ ಹೆಂಗಸು ಕ್ಷಮೆ ಕೇಳುತ್ತಿದ್ದರು. ಆ ನೋಟ ಈಗಲೂ ನನ್ನ ಕಣ್ಣು ಬಿಟ್ಟು ಹೋಗಿಲ್ಲ.

ಉತ್ತರಾಯಣದ ದಿನ ಗಾಳಿಪಟ ಹಾರಿಸಲು ಸೊಸೈಟಿಯೆಲ್ಲ ತಾರಸಿ ಮೇಲೆ ಸೇರಿತ್ತು. ಎಲ್ಲರೆದುರು ನಿಜ ಹೇಳಿದೆ. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ಮರುದಿನದಿಂದ ಸೈಕಲ್‌ಗಳು ಮತ್ತೆ ಕಾಕಾ ಬಳಿ ಹೋದವು.

ಹಸಿರು ಸೈಕಲ್ಲಿಗೆ ಕಾಕಾ ಇನ್ನೂ ಆರು ದಿನ ಎಣ್ಣೆ ಬಿಟ್ಟರು. ಬಿಸಿ ಮಾಡಿ, ಕಾಲು ಕಾಲು ಸುತ್ತು ತಿರುಗಿಸಿ ಪೈಪು ಹೊರಗೆಳೆದರು. ಸೀಳಿಗೆ ವೆಲ್ಡಿಂಗ್ ಮಾಡಿಸಿದರು. ಹಂಸಾಬೆನ್ ಈಗ ದಿನಾ ಬೆಳಿಗ್ಗೆ ತುಳಿಯುತ್ತಾರೆ. ಸಿಕ್ಕಾಗ ನಗುತ್ತಾರೆ, ಸುಧಾಳ ಕೈಯಲ್ಲಿ ತಿಂಡಿ ಕಳಿಸುತ್ತಾರೆ. ಕ್ಷಮಿಸಿದ್ದಾರೆ ಎಂದೇ ನನ್ನ ನಂಬಿಕೆ.

ಆದರೆ ಅಂದಿನಿಂದ ಇಂದಿನವರೆಗೆ, ಒಂದು ಬಲ್ಬು ಹಾಕಿಕೊಡಿ ಎಂದು ಕೂಡ ಅವರು ನನ್ನನ್ನು ಕೇಳಿಲ್ಲ.