ಪೂಲ್ ಮುಚ್ಚಿದ ಚಳಿಗಾಲ

ಹುಳಿಮಾವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಸಲವೂ ನವೆಂಬರ್ ಮುಗಿಯೋ ಹೊತ್ತಿಗೆ ಅದೇ ರಾಗ ಶುರುವಾಯ್ತು: ಚಳಿ ಬಂತು, ಸ್ವಿಮ್ಮಿಂಗ್ ಪೂಲ್ ಮುಚ್ಚೋಣ. ಸಂಘದ ಕಾರ್ಯದರ್ಶಿ ನಾನು. ನಾನು ಹೂಂ ಅಂದರೆ ಸಂಕ್ರಾಂತಿ ಕಳೆಯೋವರೆಗೂ ಮುಚ್ಚಿದ ಹಾಗೆಯೇ. ಹೋದ ವರ್ಷ ಹೂಂ ಅಂದವನೂ ನಾನೇ.

ಮುಚ್ಚೋದು ಅಂದರೆ ನಾವೇನು ನೀರು ಖಾಲಿ ಮಾಡಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕಾದು ಸಾಕಾಗಿಹೋದ ಜನ, ತುಂಬಿದ ನೀರನ್ನ ಚರಂಡಿಗೆ ಬಿಡೋಕೆ ಯಾರಿಗೆ ಮನಸ್ಸು ಬರುತ್ತೆ? ಫಿಲ್ಟರಿನ ಮೋಟರ್ ಆಫ್ ಮಾಡಿ, ಗೇಟಿಗೊಂದು ಬೀಗ ಹಾಕಿ ಸುಮ್ಮನಾದೆವು. ಮಹಾ ಬುದ್ಧಿವಂತರು! ಎರಡೇ ವಾರಕ್ಕೆ ನೀರು ಹಸಿರುಗಟ್ಟಿ, ಮೊದಲ ಮೆಟ್ಟಿಲೂ ಕಾಣದ ಹಾಗಾಯ್ತು. ಗಿಡಕ್ಕಾದರೂ ಆಗಲಿ ಅಂತ ಮಾಲಿಗೆ ಗೇಟಿನ ಕೀ ಕೊಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಆರು ವರ್ಷದ ಮೊಮ್ಮಗಳನ್ನ ಆಡಿಸೋಕೆ ಕೆಳಗೆ ಕರ್ಕೊಂಡು ಹೋಗಿದ್ದೆ. ಪಕ್ಕದ ಬ್ಲಾಕಿನವರು ಸಿಕ್ಕರು, ಅವರೆಕಾಯಿ ಸೊಗಡಿನ ಮಾತು ಬಂತು. ತಿರುಗಿ ನೋಡಿದರೆ ಮಗು ಇಲ್ಲ. ಪೂಲಿನ ಗೇಟು ತೆರೆದಿದೆ. ನೀರಿನಂಚಿನಲ್ಲಿ ಅವಳದೊಂದು ಚಪ್ಪಲಿ.

ನನಗೆ ಈಜು ಬರುತ್ತೆ ಕಣ್ರೀ. ಚಿಕ್ಕಂದಿನಲ್ಲಿ ಬಾವಿಯಲ್ಲಿ ಕಲಿತವನು. ಈ ಪೂಲ್ ಶುರುವಾದ ದಿನ ಎಲ್ಲರೆದುರು ಈಜಿ ಚಪ್ಪಾಳೆ ಗಿಟ್ಟಿಸಿದವನು. ಆದರೂ ಕಾಲು ಏಳಲಿಲ್ಲ. ಆ ಹಸಿರೊಳಗೆ ಇಳಿದರೆ ನಾನೂ ಮೇಲೆ ಬರೋದಿಲ್ಲ ಅನ್ನೋ ಭಯ. ಮಗು ಒಳಗಿದೆ ಅಂತ ಪೂರ್ತಿ ನಂಬಿದ್ದೆ. ನಂಬಿಯೂ ಕಂಬಿ ಹಿಡಿದು ನಿಂತೇ ಇದ್ದೆ.

"ಅಂಕಲ್, ಮೊಮ್ಮಗಳನ್ನ ಹುಡುಕ್ತಿದೀರಾ? ನಮ್ಮನೇಲಿದಾಳೆ, ಬೆಕ್ಕಿನ ಮರಿ ನೋಡ್ತಾ ಕೂತಿದಾಳೆ," ಅಂತ ನೆಲಮಹಡಿಯ ಹೆಂಗಸು ಬಾಲ್ಕನಿಯಿಂದ ಕೂಗಿದಳು. ಚಪ್ಪಲಿಯ ಬಾರು ಕಿತ್ತುಹೋಗಿತ್ತಂತೆ, ಅಲ್ಲೇ ಬಿಟ್ಟು ಓಡಿದ್ದಾಳೆ. ಕಂಬಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆ ಅಂತ ಮಗಳಿಗೆ, ಅಳಿಯನಿಗೆ ಇವತ್ತಿಗೂ ಹೇಳಿಲ್ಲ.

ಈ ಸಲ ಮೀಟಿಂಗಿನಲ್ಲಿ ಒಬ್ಬರು, "ಸಾರ್, ಮೂರು ಜನ ಈಜೋಕೆ ಚಳಿಗಾಲದಲ್ಲಿ ಮೋಟರ್ ಓಡಿಸ್ಬೇಕಾ?" ಅಂದರು.

"ಮುಚ್ಚೋದು ಬೇಡ್ರೀ!" ನನ್ನ ದನಿ ಏರಿಹೋಯ್ತು. ಯಾಕೆ ಅಂತ ಎಲ್ಲರೂ ನನ್ನ ಮುಖ ನೋಡಿದರು. "ಸೊಳ್ಳೆ," ಅಂದೆ. "ನಿಂತ ನೀರು. ಡೆಂಗ್ಯೂ ಬಂದ್ರೆ ಯಾರು ಹೊಣೆ?" ಡೆಂಗ್ಯೂ ಅಂದ ಕೂಡಲೇ ಎಲ್ಲರೂ ಹೂಂ ಅಂದರು. ಪೂಲ್ ಮುಚ್ಚಲಿಲ್ಲ. ಮೋಟರ್ ಓಡ್ತಿದೆ, ನೀರು ತಿಳಿಯಾಗಿದೆ. ನನಗೆ ಮಾತ್ರ ನಿದ್ದೆ ಸರಿಯಾಗಿ ಹತ್ತಲ್ಲ.

ಮೊನ್ನೆ ಮೊಮ್ಮಗಳು ನೀರಿಗೆ ಕಾಲು ಇಳಿಬಿಟ್ಟು ಕೂತು ಗೆಳತಿಗೆ ಹೇಳ್ತಿದ್ದಳು: "ನಂಗೇನ್ ಭಯ ಇಲ್ಲಪ್ಪ. ನಾನು ಬಿದ್ರೆ ನಮ್ಮ ತಾತ ತಕ್ಷಣ ಹಾರ್ತಾರೆ."

ನಾನು ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡೆ.