ಕಾರ್ಡಿನಿಂದ ಮಗಳ ಹೆಸರು ತೆಗೆಸಿದ್ದು

ಮೊದಲು ಕೈಕೊಟ್ಟಿದ್ದು ಉಸಿರು. ಮಗ್ಗದಲ್ಲಿ ಕೂತು ನಾಲ್ಕು ಬೆರಳು ಸೀರೆ ನೇಯುವಷ್ಟರಲ್ಲಿ ಗುಡ್ಡ ಹತ್ತಿದವಳ ಹಾಗೆ ಏದುಸಿರು. ರಕ್ತ ಕಡಿಮೆಯಾಗಿರಬೇಕು ಅಂದುಕೊಂಡೆ. ನುಗ್ಗೆಸೊಪ್ಪು ತಿಂದೆ. ಒಂದು ಬೆಳಿಗ್ಗೆ ಕೊಡ ಎತ್ತಿ ಸೊಂಟಕ್ಕಿಟ್ಟವಳು ನಲ್ಲಿಯ ಹತ್ತಿರವೇ ಕುಸಿದು ಕೂತೆ. ಕೆಮ್ಮು ಬಂತು.

ಕಫದಲ್ಲಿ ರಕ್ತವಿತ್ತು.

ಕೊಳ್ಳೇಗಾಲದಲ್ಲಿ ಟಿಬಿ ಪರೀಕ್ಷೆ ಮಾಡಿ, ಅದಲ್ಲ ಎಂದು ಮೈಸೂರಿಗೆ ಬರೆದುಕೊಟ್ಟರು. ಅಲ್ಲಿ ಎಕೋ ಮಾಡಿದ ಡಾಕ್ಟರಮ್ಮ, "ಚಿಕ್ಕವರಿದ್ದಾಗ ಕೀಲು ಊದಿ ಜ್ವರ ಬಂದಿತ್ತಾ?" ಎಂದು ಕೇಳಿದರು. ಬಂದಿತ್ತು. ಧನಗೆರೆಯ ತವರುಮನೆಯಲ್ಲಿ ಅವ್ವ ಮಂಡಿಗೆ ಬಿಸಿ ಹರಳೆಣ್ಣೆ ತಿಕ್ಕಿದ್ದು ನೆನಪಿದೆ. ಆ ಜ್ವರ ಹೋಗುವಾಗ ಹೃದಯದ ವಾಲ್ವ್ ಕೆಡಿಸಿ ಹೋಗಿತ್ತಂತೆ.

"ವಾಲ್ವ್ ಬದಲಾಯಿಸಬೇಕಮ್ಮ. ಈಗಲೇ ಮಾಡಿದ್ರೆ ಚೆನ್ನಾಗಿರ್ತೀರಿ. ಬಿಪಿಎಲ್ ಕಾರ್ಡ್ ಇದ್ರೆ ಪೂರ್ತಿ ಉಚಿತ."

ಇದೆ ಅಂದೆ.

ಕೌಂಟರಿನವರು ಕಂಪ್ಯೂಟರ್ ನೋಡಿ, "ಇದು ಎಪಿಎಲ್ ಆಗಿದೆ" ಎಂದರು. ಎಪಿಎಲ್ ಆದರೆ ಸರ್ಕಾರ ಸ್ವಲ್ಪ ಭಾಗ ಕೊಡುತ್ತದೆ. ಉಳಿದದ್ದು ನಮ್ಮದು. ಅಷ್ಟು ದುಡ್ಡು ನಾನೂ ನನ್ನ ಗಂಡನೂ ಇಡೀ ಬದುಕಿನಲ್ಲಿ ಒಟ್ಟಿಗೆ ಕಂಡವರಲ್ಲ. ಆ ತಿಂಗಳು ರೇಷನ್ ಅಕ್ಕಿ ಬಾರದಿದ್ದಾಗ ಸರ್ವರ್ ಕೆಟ್ಟಿದೆ ಅಂದುಕೊಂಡು ಸುಮ್ಮನಿದ್ದೆವು.

ಊರಿಗೆ ಬಂದು ಆಹಾರ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿದ್ದವರು ಕೆಟ್ಟವರಲ್ಲ, ನನ್ನ ಉಸಿರು ಕೇಳಿ ಕುರ್ಚಿ ಕೊಟ್ಟರು. ನಮ್ಮ ಒಬ್ಬಳೇ ಮಗಳು ಸುಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಪಿಎಫ್ ಹಿಡಿದು ಸಂಬಳ ಬ್ಯಾಂಕಿಗೆ ಬರುತ್ತಿತ್ತು. ಅದನ್ನು ಸೇರಿಸಿದರೆ ಮನೆಯ ಆದಾಯ ಮಿತಿ ದಾಟುತ್ತದೆ, ಅದಕ್ಕೇ ಎಪಿಎಲ್ ಆಗಿದೆ ಎಂದರು.

ಯಳಂದೂರಿನ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವ ನನ್ನ ಗಂಡ ಕೈಮುಗಿದು ನಿಂತಿದ್ದರು. "ಸಾ, ಎಣ್ಮಗ ಗಾರ್ಮೆಂಟ್ಸ್‌ಗೆ ಓದ್ರೆ ನಾವು ಸಾವ್ಕಾರ್ರಾಗ್ಬುಟ್ವಾ?"

"ನನ್ ಕೈಲಿ ಏನದೆ ಯಜಮಾನ್ರೆ. ರೂಲ್ಸ್ ಬದ್ಲಾಗ್ಯದೆ."

"ಕೆಲ್ಸ ಬಿಡ್ಸುದ್ರೆ?"

"ಆಗಿರೋ ಆದಾಯ ಎಲ್ಲಿಗ್ ಓದದು? ಮದ್ವೆಯಾಗಿ ಗಂಡನ್ ಮನೆಗೆ ಓದ್ರೆ ಎಸ್ರು ತೆಗೀಬೌದು. ಆಮೇಲೆ ತಿರ್ಗಾ ಅರ್ಜಿ ಕೊಡಿ."



ಅಜ್ಜೀಪುರದ ದೂರದ ನೆಂಟರು ಆಗಲೇ ಒಮ್ಮೆ ಹೆಣ್ಣು ಕೇಳಿ ಹೋಗಿದ್ದರು. ಸುಮ ಒಪ್ಪಿರಲಿಲ್ಲ. ಅವಳನ್ನು ಸೂಪರ್‌ವೈಸರ್ ಮಾಡುವ ಮಾತು ನಡೆದಿತ್ತು. ಒಂದು ಲೈನಿನ ಮೆಷಿನ್‌ಗಳೆಲ್ಲ ಅವಳ ಕೈಕೆಳಗೆ ಬರುತ್ತವೆ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಅಪ್ಪನ ಬಾಯಿಂದ ವಿಷಯ ಕೇಳಿ ಒಳಗೆ ಹೋದಳು. ಮುಖ ತೊಳೆದುಕೊಂಡು ಬಂದು, "ಅಜ್ಜೀಪುರ್ದವ್ರಿಗೆ ಬರಕ್ಕೇಳಿ" ಅಂದಳು.

ನಾನು ಅತ್ತೆ. ಆದರೆ ಬೇಡ ಅನ್ನಲಿಲ್ಲ. ನನಗೆ ಬದುಕುವ ಆಸೆಯಿತ್ತು.

ಮದುವೆ ಸರಳವಾಗಿ ಆಯಿತು. ಗಾರ್ಮೆಂಟ್ಸ್ ವ್ಯಾನು ಹನೂರಿನಿಂದ ಆಚೆಗೆ, ಅಜ್ಜೀಪುರದ ತನಕ ಹೋಗುವುದಿಲ್ಲ, ಕೆಲಸವೂ ಹೋಯಿತು. ಕಾರ್ಡಿನಿಂದ ಅವಳ ಹೆಸರು ಬೇಗ ಹೋಯಿತು, ಬರಬೇಕಾದ ಬಿಪಿಎಲ್ ಬರಲಿಲ್ಲ. ಪರಿಶೀಲನೆ ಬಾಕಿ ಅಂದರು. ಮೇಲಿಂದ ಆದೇಶ ಬರಬೇಕು ಅಂದರು. ಚೀಟಿ, ಇಸಿಜಿ, ರಕ್ತ ಪರೀಕ್ಷೆಗೆಲ್ಲ ದರ ಹೆಚ್ಚಾಗಿದ್ದರಿಂದ ನಡುವೆ ಚೆಕಪ್‌ಗೆ ಹೋಗುವುದನ್ನೂ ಬಿಟ್ಟೆ. ಕಾಲು ಊದಿತು, ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಹೊಟ್ಟೆಯಲ್ಲಿ ನೀರು ತುಂಬಿತು. ಅಂಗಾತ ಮಲಗಿದರೆ ಯಾರೋ ಎದೆಯ ಮೇಲೆ ಕೂತಂತೆ. ಮಗ್ಗ ನಿಂತೇ ಹೋಯಿತು; ಅರ್ಧ ನೇಯ್ದ ಸೀರೆಯನ್ನು ಮಾಲೀಕರು ಬೇರೆಯವರಿಂದ ಮುಗಿಸಿಕೊಂಡರು.

ಕೊನೆಗೂ ಬಿಪಿಎಲ್ ಆಯಿತು. ಮರುದಿನವೇ ಮೈಸೂರಿಗೆ ಹೋದೆವು.

ಡಾಕ್ಟರಮ್ಮ ಈ ಸಲ ಬಹಳ ಹೊತ್ತು ಎಕೋ ನೋಡಿದರು. "ಇಷ್ಟು ದಿನ ಎಲ್ಲಿದ್ರಿ? ಶ್ವಾಸಕೋಶದ ಪ್ರೆಷರ್ ತುಂಬ ಏರಿದೆ. ಕಿಡ್ನಿಯೂ ಸೋತಿದೆ. ಆಪರೇಷನ್ ಈ ದೇಹ ತಡೆಯಲ್ಲ."

ನನ್ನ ಗಂಡ ಜೇಬಿನಿಂದ ಕಾರ್ಡು ತೆಗೆದು ಹಿಡಿದರು. "ಕಾರ್ಡ್ ಆಗ್ಯದೆ ಮೇಡಂ. ಬಿಪಿಎಲ್ಲೇ ಆಗ್ಯದೆ. ನೋಡಿ."

"ಕಾರ್ಡಿನ ಮಾತಲ್ಲ ಯಜಮಾನ್ರೆ" ಎಂದು ಅವರು ತಲೆ ತಗ್ಗಿಸಿದರು.

ಮಾತ್ರೆ ಬರೆದುಕೊಟ್ಟರು. ಉಚಿತವಾಗಿ ಸಿಗುತ್ತವೆ. ನೀರು, ಉಪ್ಪು ಎರಡಕ್ಕೂ ಅಳತೆ.

ಹೋದ ವಾರ ಸುಮ ಬಂದಿದ್ದಳು. ಗಂಡ ಒಳ್ಳೆಯವನು, ಹೊಲದ ಕೆಲಸ ಅಭ್ಯಾಸವಾಗುತ್ತಿದೆ ಅಂದಳು. ನನ್ನ ಕಾಲು ಒತ್ತುತ್ತಾ ಕೇಳಿದಳು. "ಅವ್ವ, ನಾನು ಕೆಲ್ಸಕ್ಕೆ ಸೇರ್ದೆ ಇದ್ದಿದ್ರೆ ನಿಂಗೆ ಆಪ್ರೇಸನ್ ಆಗ್ಬುಡ್ತಿತ್ತಲ್ವಾ?"

"ಅಂಗನ್ಬೇಡ ಕಣವ್ವ. ನೀನ್ ದುಡ್ದಿದ್ದು ತೆಪ್ಪಲ್ಲ."

ನಂಬಿದಳೋ ಇಲ್ಲವೋ ತಿಳಿಯದು. ಸಂಜೆಯ ಬಸ್ಸಿಗೆ ಹೊರಟಳು. ಬಾಗಿಲ ತನಕ ಹೋಗುವ ಶಕ್ತಿ ನನಗಿರಲಿಲ್ಲ. ಅವಳೇ ಎರಡು ಸಲ ವಾಪಸು ಬಂದು ಮುಖ ನೋಡಿ ಹೋದಳು.

ಇನ್ನೆಷ್ಟು ಕಾಲವೆಂದು ನಾನು ಡಾಕ್ಟರನ್ನು ಕೇಳಿಲ್ಲ. ಗುಣವಾಗುತ್ತದೆ ಎಂಬ ಆಸೆಯನ್ನು ಮೈಸೂರಿನಲ್ಲೇ ಬಿಟ್ಟು ಬಂದೆ. ಈಗ ಕೂತೇ ನಿದ್ದೆ. ದಿಂಬು ಜಾರುತ್ತವೆ, ಗೋಡೆ ಬೆನ್ನಿಗೆ ಒತ್ತುತ್ತದೆ. ಅದಕ್ಕೆ ನನ್ನ ಗಂಡ ಊಟವಾದ ಮೇಲೆ ಬಂದು ಹಿಂದೆ ಕೂರುತ್ತಾರೆ, ಬೆನ್ನಿಗೆ ಬೆನ್ನು ಕೊಟ್ಟು. ಮೂಟೆ ಹೊತ್ತು ಗಟ್ಟಿಯಾದ ಬೆನ್ನು.

"ಒರಗ್ಕೋ" ಅನ್ನುತ್ತಾರೆ.

ಒರಗಿಕೊಳ್ಳುತ್ತೇನೆ.