ಭಂಡಾರ ಬಿದ್ದ ಟೇಪು

ಯೆಣೆಗೂರಿನ ಕುರಿ ಕಾಯುವ ಅಜ್ಜ ಏನು ಕೊಡುವುದಿದ್ದರೂ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಎಲ್ಲಿ ಇಡ್ತೀರಿ?" ನಮ್ಮ ಮನೆಗೆ ಹಾಲು ತಂದರೂ ಪಾತ್ರೆಯೊಳಗೆ ಇಣುಕಿ ನೋಡದೆ ಸುರಿಯುತ್ತಿರಲಿಲ್ಲ.

ನಮ್ಮೂರಿರುವ ಮಹಾರಾಷ್ಟ್ರ ಪ್ರತ್ಯೇಕ ರಾಜ್ಯವಾಗುವ ಹಿಂದಿನ ವರ್ಷ, ಹಾಡು ಸಂಗ್ರಹಿಸುವ ಸಾಹೇಬರೊಬ್ಬರು ಟೇಪ್ ರೆಕಾರ್ಡರ್ ಹೊತ್ತು ನಮ್ಮ ಶಾಲೆಗೆ ಬಂದರು. ಕುರಿಗಾರರ ದೇವರು ಬೀರಪ್ಪನ ಮೇಲಿನ, ಅಜ್ಜನೊಬ್ಬನಿಗೇ ಬರುತ್ತಿದ್ದ ಹಾಡು ಅವರಿಗೆ ಬೇಕಿತ್ತು. ಹೆಡ್ ಮಾಸ್ತರನಾಗಿದ್ದ ನಾನು ಅಜ್ಜನನ್ನು ಕರೆಸಿದೆ.

"ನನ್ನ ದನಿ ಎಲ್ಲಿ ಇಡ್ತೀರಿ?"

ಸಾಹೇಬರು ಟೇಪಿನ ಪಟ್ಟಿ ತೋರಿಸಿದರು. "ಈ ಪಟ್ಟಿಗೆ ತುಕ್ಕಿನಂಥ ಪುಡಿ ಬಳಿದಾರ ಅಜ್ಜಾರ. ಇಲ್ಲಿರೋ ಅಯಸ್ಕಾಂತ ಅದರಾಗ ನಿಮ್ಮ ದನಿ ಗುರುತು ಮೂಡಿಸ್ತದ. ಮತ್ತ ತಿರುಗಿಸಿದ್ರ ಅದೇ ಓದ್ತದ."

"ತುಕ್ಕಿನಾಗ ಹಾಡಾ? ಮಾಸ್ತರ, ಇಂವಾ ನಿಮಗೂ ಟೋಪಿ ಹಾಕ್ಯಾನ್ರೀ!"

ಆದರೂ ಹಾಡಿದ. ಸಾಹೇಬರು ಅದನ್ನು ಕೇಳಿಸಿದಾಗ ಪೆಟ್ಟಿಗೆಯ ಹಿಂದೆ ಹೋಗಿ ಹಾಡುವವನನ್ನು ಹುಡುಕಿ ಬಂದ. ಬೀರಪ್ಪನ ಹಾಡು ಮುಗಿದಾಗ ಅರಿಸಿನ ಪುಡಿಯ ಭಂಡಾರ ಹಾರಿಸುವುದು ಕುರಿಗಾರರ ಪದ್ಧತಿ. ಅಜ್ಜ ಸೊಂಟದ ಚೀಲ ಬಿಚ್ಚಿದ.

"ಓದೋ ಜಾಗ ಇದೇ ಏನ್ರೀ?"

ಸಾಹೇಬರು ತಲೆಯಾಡಿಸುವಷ್ಟರಲ್ಲಿ ಹಿಡಿ ಭಂಡಾರ ಅಲ್ಲೇ ಬಿತ್ತು. ಪಟ್ಟಿ ಹಳದಿಯಾಯಿತು. ಮತ್ತೆ ತಿರುಗಿಸಿದರೆ ಬರೀ ಬುಸುಗುಟ್ಟುವ ಸದ್ದು. ಒರೆಸಿದಷ್ಟೂ ಪಟ್ಟಿಗೆ ಬಳಿದಿದ್ದ ತುಕ್ಕಿನ ಪುಡಿಯೂ ಕಿತ್ತು ಬಂತು, ಹಾಡು ಬರಲಿಲ್ಲ.

ಸಾಹೇಬರು ಅಳುವ ದನಿಯಲ್ಲಿ ಕೈಮುಗಿದರು. "ಇನ್ನೊಮ್ಮೆ ಹಾಡ್ರಿ ಅಜ್ಜಾರ."

ಅಜ್ಜ ಚೀಲದ ಬಾಯಿ ಕಟ್ಟಿ, ಪೆಟ್ಟಿಗೆಯೊಳಗೆ ಇಣುಕಿ ನೋಡಿದ.

"ಹಾಡ್ತೀನ್ರೀ. ಎಲ್ಲಿ ಇಡ್ತೀರಿ?"